ಹುಳವಿಲ್ಲದ ಬದನೆ

“ಅದನ್ನ ಇಲಿಗೆ ಹಾಕೇ ಇಲ್ರೀ ಸಾಹೇಬ್ರ,” ಎಂದಳು ಭಾಗವ್ವ.

ಅಖಿಲನ ಕೈಯಲ್ಲಿ ಅರವತ್ತನೆಯ ಇಲಿ ಇತ್ತು. ತೊಂಬತ್ತನೆಯ ದಿನದ ಕೊನೆಯ ತೂಕ ಅದರದ್ದು. ಪ್ರಯೋಗ ಮುಗಿಯಿತು, ಇನ್ನು ಬದನೆಯ ಬುಟ್ಟಿ ಬರುವುದಿಲ್ಲ ಎಂದು ಅವನು ಹೇಳಿದ್ದಷ್ಟೇ. ಇನ್ನೊಂದು ಬುಟ್ಟಿ ತರಿಸಿ ಎಂದು ಅವಳು ಕೇಳಿದ್ದಳು. ಇಲಿಗಳಿಗೆ ಇನ್ನು ಬೇಡ ಎಂದಿದ್ದಕ್ಕೆ ಬಂದ ಉತ್ತರ ಇದು.

“ಯಾವುದನ್ನು?” ಎಂದ. ಕೇಳುವಾಗಲೇ ಅವನಿಗೆ ಉತ್ತರ ಬೇಡವಾಗಿತ್ತು.

“ಕೆಂಪು ಚೀಟಿ ಬುಟ್ಟ್ಯಾಗಿಂದು. ಹುಳಾ ಇಲ್ಲದ್ದು.”

ಹಿರಿಯಡ್ಕದ ದಾರಿಯಲ್ಲಿ, ಮಣಿಪಾಲದಿಂದ ಸ್ವಲ್ಪ ಆಚೆ, ಬಾಡಿಗೆ ಕಟ್ಟಡದಲ್ಲಿದ್ದ ಆ ಖಾಸಗಿ ಪ್ರಯೋಗಶಾಲೆಗೆ ಬೀಜದ ಕಂಪೆನಿಯೊಂದು ಎರಡು ಬಗೆಯ ಬದನೆ ಕಳಿಸುತ್ತಿತ್ತು. ಹಸಿರು ಚೀಟಿಯದು ಮಾಮೂಲಿ. ಕೆಂಪು ಚೀಟಿಯದರ ಒಳಗೆ ಯಾವುದೋ ಸೂಕ್ಷ್ಮಜೀವಿಯ ವಂಶವಾಹಿ. ಕೊರೆಯಲು ಬಂದ ಹುಳ ಸಾಯುತ್ತದೆ. ಹುಳ ಸಾಯುತ್ತದೆ, ತಿಂದ ಮನುಷ್ಯ? ಅದಕ್ಕೇ ಇಲಿಗಳು. ಮೂವತ್ತಕ್ಕೆ ಇದು, ಮೂವತ್ತಕ್ಕೆ ಅದು. ವ್ಯತ್ಯಾಸ ಕಾಣದಿದ್ದರೆ ಒಪ್ಪಿಗೆ ಕೇಳಿ ಕಡತ ದೆಹಲಿಗೆ, ಅಲ್ಲಿಂದ ಬೀಜ ಹೊಲಕ್ಕೆ. ಬದನೆಯನ್ನು ಹೆಚ್ಚಿ, ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ ಇಲಿಯ ಆಹಾರಕ್ಕೆ ಬೆರೆಸುವುದು ಭಾಗವ್ವನ ಕೆಲಸ. ಒಣಗಿ ಪುಡಿಯಾದ ಮೇಲೆ ಎಲ್ಲ ಬದನೆಯೂ ಒಂದೇ ಬಣ್ಣ.

“ಮತ್ತೆ ಇಲಿಗೆ ಎಂತ ಹಾಕಿದ್ದು?”

“ಹಿರಿಯಡ್ಕದ ಅಂಗಡ್ಯಾಗ ಬಿಸಾಕಿರತಾರಲ್ರೀ, ಹುಳಾ ಹತ್ತಿದ್ದು. ಹುಳಾ ತೆಗದ ಹಾಕೀನ್ರಿ ಮತ್ತ,” ಎಂದಳು. ಶುಚಿಯ ವಿಷಯದಲ್ಲಿ ತನ್ನ ಮೇಲೆ ಅನುಮಾನ ಬೇಡ ಎಂಬ ಧಾಟಿ.

“ಯಾವಾಗಿನಿಂದ?”

“ಮೊದಲಿಂದ್ರಿ. ಮಗಳು ಶಶಿಕಲಾಗ ಆವಾಗ ಮೂರು ತಿಂಗಳು. ಈ ಊರಿನ ಕೆಂಪಕ್ಕಿ ಗಂಜಿ ಸೇರಂಗಿಲ್ಲ, ಮೀನಿನ ವಾಸನೆಗೆ ವಾಂತಿ. ಎಣ್ಣಿಗಾಯಿ ಬೇಕವ್ವಾ ಅಂತ ಒಂದೇ ಸಮನೆ. ಇಲ್ಲಿ ಹಸರು ಗುಳ್ಳ ಬದನಿ ಸಿಗತಾವ, ಅದು ನಮ್ಮ ಎಣ್ಣಿಗಾಯಿಗೆ ಆಗತೈತೇನ್ರಿ? ಬಸರಿ ಹೆಣಮಗಳನ್ನ ಮನ್ಯಾಗಿಟಗೊಂಡು ಅಷ್ಟ್ ಚಲೋ ಬದನಿಕಾಯಿ ಇಲಿಗೆ ಹೆಂಗ ತಿನ್ನಸ್ಲಿ?”

ಅಖಿಲನಿಗೆ ನಗು ಬಂತು. ಕಂಪೆನಿಯ ನುಣುಪು ಕಾಗದದ ಪುಸ್ತಿಕೆಯ ಮೊದಲ ಪುಟದಲ್ಲಿ ‘ಹಸಿದವರ ತಟ್ಟೆಗೆ’ ಎಂದಿತ್ತು. ಬದನೆ ದೆಹಲಿಯ ಒಪ್ಪಿಗೆಗೂ ಕಾಯದೆ ಅಲ್ಲಿಗೆ ಹೋಗಿ ಸೇರಿತ್ತು. ಆಮೇಲೆ ಲೆಕ್ಕ ಹಾಕಿದ. ಬಸಿರಿನ ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ.

“ನಿಮಗೂ ತಂದ ಕೊಟ್ಟೀನಲ್ರೀ,” ಎಂದಳು ಭಾಗವ್ವ, ತಾನೇನೂ ಪಕ್ಷಪಾತ ಮಾಡಿಲ್ಲ ಎನ್ನುವಂತೆ.

ಹೌದು. ವಾರಕ್ಕೆ ಎರಡು ಸಲ, ಜೋಳದ ರೊಟ್ಟಿಯೊಂದಿಗೆ. ಊಟದ ಚಿಂತೆ ಮಾಡಬೇಡ ಎಂದು ಎರ್ಮಾಳಿನಲ್ಲಿದ್ದ ಅಮ್ಮನಿಗೆ ಅವನು ಫೋನಿನಲ್ಲಿ ಹೇಳಿಯೂ ಇದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಚೆಲ್ಲಾಟ ಇಲಿಯದ್ದಾಗಿತ್ತು.

ಬಾಗಿಲು ತೆರೆದು ಡಾಕ್ಟರ್ ಬೆಂಜಮಿನ್ ಇಣುಕಿದರು. ಪ್ರಯೋಗಶಾಲೆ ಅವರದ್ದು, ಅಖಿಲನ ಪಿಎಚ್‌ಡಿಯ ಮಾರ್ಗದರ್ಶಕರೂ ಅವರೇ.

“ಎಂತ ಮಾರಾಯ, ಆಯ್ತಾ? ದಾಖಲೆ ಒಯ್ಯಲಿಕ್ಕೆ ಐದಕ್ಕೆ ಕೊರಿಯರಿನವ ಬರ್ತಾನೆ.”

“ಒಂದು ಬಾಕಿ ಉಂಟು ಸರ್.”

“ತೂಕದಲ್ಲಿ ವ್ಯತ್ಯಾಸ ಉಂಟಾ?”

“ಇಲ್ಲ ಸರ್.” ಅದು ನಿಜವೇ ಆಗಿತ್ತು.

“ಮತ್ತೆಂತ? ತಿನ್ನಿಸಿದ ದಾಖಲೆಗೆ ಸೈನ್ ಹಾಕು. ನಾಳೆ ಇಲಿಗಳನ್ನೆಲ್ಲ ಕೊಯ್ಯುವ.”

“ಸರ್, ಒಂದು ವೇಳೆ ಫೀಡಿನಲ್ಲಿ ಹೆಚ್ಚುಕಮ್ಮಿ ಆಗಿದ್ದರೆ…”

ಬೆಂಜಮಿನ್ ಭಾಗವ್ವನನ್ನು ನೋಡಿದರು, ಮತ್ತೆ ಅವನನ್ನು. “ಆಗಿದೆಯಾ?”

“ಇಲ್ಲ. ಸುಮ್ಮನೆ ಕೇಳಿದೆ.”

“ಸುಮ್ಮನೆ ಕೇಳ್ಬೇಡ. ನಿನ್ನ ಮೂರು ವರ್ಷವೂ ಇದರಲ್ಲೇ ಉಂಟು, ಅಲ್ವಾ?”

ಬಾಗಿಲು ಮುಚ್ಚಿಕೊಂಡಿತು. ನಿಜ ಬರೆದರೆ ಭಾಗವ್ವ ಸಂಜೆಯೇ ಬೀದಿಗೆ, ತಾನು ಮೊದಲ ವರ್ಷಕ್ಕೆ. ಬರೆಯದಿದ್ದರೆ ಯಾರೂ ಪರೀಕ್ಷಿಸದ ಬದನೆ ಪರೀಕ್ಷೆ ಗೆದ್ದು ಹೊಲಕ್ಕೆ ಇಳಿಯುತ್ತದೆ. ಅವನಿಗೆ ಭಾಗವ್ವನ ಮೇಲೆ ಸಿಟ್ಟು ಬಂತು. ಅವಳು ಮಾಡಿದ್ದರಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು.

ದಾಖಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ನಿಮ್ಮ ಮಗಳನ್ನು ನೋಡಬೇಕು,” ಎಂದ.

ಅವಳಿಗಾದರೂ ಹೇಳಬೇಕು, ಇನ್ನು ತಿನ್ನದಂತೆ ತಡೆಯಬೇಕು. ಅಷ್ಟು ಮಾತ್ರ ಅವನಿಗೆ ಸ್ಪಷ್ಟವಾಗಿತ್ತು. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿದ. ಅದು ವಿಷವೇ? ಗೊತ್ತಿಲ್ಲ. ಅಲ್ಲವೇ? ಗೊತ್ತಿಲ್ಲ. ಮೂರು ವರ್ಷ ಓದಿ, ಬಸುರಿಯೊಬ್ಬಳ ಮುಂದೆ ನಿಂತು ‘ಗೊತ್ತಿಲ್ಲ’ ಎನ್ನುವುದು ಹೇಗೆ? ಮುಂದೆ ನಡೆಯುತ್ತಿದ್ದ ಭಾಗವ್ವ, ಅಳಿಯ ಕರಿಬಸವ ನಂದಿಕೂರಿನ ಪವರ್ ಪ್ಲಾಂಟ್ ಕೆಲಸದಿಂದ ಶನಿವಾರವೇ ಬರುವುದೆಂದೂ, ಸಾಹೇಬರು ಮನೆಗೆ ಬಂದದ್ದು ಕೇಳಿದರೆ ನಂಬುವುದಿಲ್ಲವೆಂದೂ ಹೇಳುತ್ತಲೇ ಇದ್ದಳು.

ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ತಗಡಿನ ಶೆಡ್ಡುಗಳ ಸಾಲು. ಶಶಿಕಲಾ ಒಂದರೊಳಗೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಸ್ವಚ್ಛ, ಕೂದಲು ನಯ, ಎದ್ದು ನಿಂತಾಗ ನಡಿಗೆ ಸಹಜ. ಹೀಗೆ ಗುರುತು ಹಾಕಿಕೊಳ್ಳುತ್ತಿರುವುದು ಅವನಿಗೇ ತಿಳಿದು ಹೇಸಿಗೆಯಾಯಿತು.

“ತೂಕ ಎಷ್ಟು?” ಎಂದ, ಹೇಗಿದ್ದೀರಿ ಎನ್ನುವ ಬದಲು.

ಅವಳು ಸೆರಗಿನ ಮರೆಯಲ್ಲಿ ನಕ್ಕಳು. “ಅಂಗನವಾಡ್ಯಾಗ ನೋಡ್ಯಾರ್ರಿ. ಏರೇತಿ ಅಂದ್ರು.”

“ನಿದ್ದೆ?”

“ಬರತೈತ್ರಿ.”

“ಬೇರೆ ಏನಾದರೂ…”

“ಏನ್ ಆಗಬೇಕಿತ್ರೀ?”

“ಏನಿಲ್ಲ,” ಎಂದ ಅಖಿಲ.

ಭಾಗವ್ವ ತಟ್ಟೆ ತಂದಿಟ್ಟಳು. ರೊಟ್ಟಿ, ಶೇಂಗಾದ ಮಸಾಲೆ ತುಂಬಿದ ಒಂದು ನೇರಳೆ ಬದನೆ. ಕೊನೆಯ ಬುಟ್ಟಿಯದು, ಪಾತ್ರೆಯಲ್ಲಿ ಉಳಿದದ್ದು ಇನ್ನೊಂದು, ಅದು ಮಗಳಿಗೆ. ಹಸಿವಿಲ್ಲ ಎಂದ. ಶಶಿಕಲಾಳ ಮುಖ ಸಣ್ಣದಾಯಿತು.

“ನಮ್ಮ ಮನ್ಯಾಗ ಉಣ್ಣಂಗಿಲ್ಲೇನ್ರಿ?”

ಹಾಗಲ್ಲ ಎಂದರೆ ಹೇಗೆ ಎಂದು ಹೇಳಬೇಕು. ಕೂತ. ರೊಟ್ಟಿ ಮುರಿದ. ಚೆನ್ನಾಗಿತ್ತು, ಎಂದಿನ ಹಾಗೆ ತುಂಬ ಚೆನ್ನಾಗಿತ್ತು. ಸಾಹೇಬರು ಉಣ್ಣುವ ಸುದ್ದಿ ತಿಳಿದು ಪಕ್ಕದ ಶೆಡ್ಡುಗಳ ಹೆಂಗಸರು ಬಾಗಿಲಿಗೆ ಬಂದರು. ಹೇಳಲು ತಂದ ಮಾತು ತುತ್ತಿನೊಂದಿಗೇ ಕೆಳಗಿಳಿಯಿತು. ಶಶಿಕಲಾ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು.

“ಇನ್ನೊಂದನ್ನೂ ಹಾಕಿ,” ಎಂದ ಅಖಿಲ.

ಭಾಗವ್ವ ಸೌಟು ಹಿಡಿದು ನಿಂತಳು. “ಅದು… ಆಕಿಗೆ ಅಂತ…”

“ನನಗೆ ಬೇಕು.”

ಮಾತು ಒರಟಾಗಿ ಬಂತು. ಮಗಳು ತಾನೇ ಪಾತ್ರೆಯನ್ನು ಮುಂದೆ ತಳ್ಳಿದಳು. ಭಾಗವ್ವ ಬಡಿಸಿದಳು, ಮುಖದ ಮೇಲಿದ್ದ ನಗು ಆಗಲೇ ಹೋಗಿತ್ತು. ಅವನು ತಲೆ ತಗ್ಗಿಸಿ ಬೇಗ ಬೇಗ ತಿಂದ. ಶಶಿಕಲಾಳ ಕಣ್ಣು ತಟ್ಟೆಯಿಂದ ಅವನ ಬಾಯಿಗೆ, ಬಾಯಿಯಿಂದ ತಟ್ಟೆಗೆ ಹೋಗಿಬರುತ್ತಿತ್ತು. ಅವಳು ಉಗುಳು ನುಂಗಿದ್ದು ಅವನಿಗೆ ಕೇಳಿಸಿತು.

“ಬಸರಿ ಬಾಯಾಗಿಂದ ಕಸಗೊಂಡು ಹೆಂಗ ತಿಂತಾನ ನೋಡ,” ಎಂದಳು ಬಾಗಿಲಲ್ಲಿ ಒಬ್ಬಳು.

ಜೇಬಿನಲ್ಲಿ, ಸಹಿ ಹಾಕದ ದಾಖಲೆಯ ಪಕ್ಕ, ಫೋನು ಬಡಿದುಕೊಳ್ಳತೊಡಗಿತು. ಐದಾಗಿರಬೇಕು. ಕೈಯೆಲ್ಲ ಎಣ್ಣೆ. ಅವನು ಬದನೆಯ ತೊಟ್ಟನ್ನೂ ಬಿಡದೆ ಅಗಿದ, ತಟ್ಟೆಗಂಟಿದ ಮಸಾಲೆಯನ್ನು ಬೆರಳಲ್ಲಿ ಬಳಿದು ನೆಕ್ಕಿದ. ಬಾಗಿಲಲ್ಲಿದ್ದ ಹೆಂಗಸರು ಯಾರೂ ಕದಲಲಿಲ್ಲ. ಒಬ್ಬಳ ಹೆಗಲ ಮೇಲಿಂದ ಇನ್ನೊಬ್ಬಳು ಬಗ್ಗಿ, ಅವನು ನುಂಗುವುದನ್ನೇ ನೋಡುತ್ತಿದ್ದರು.