ಪರಿಶೀಲನೆಯಲ್ಲಿದೆ

ಖಾತೂನ್ ಒಂಬತ್ತು ವರ್ಷ ದುಡಿದ ಕಚೇರಿಯನ್ನು ಮುಚ್ಚಲು ಕಾಲೇಜಿಗೆ ಒಂದು ಮಧ್ಯಾಹ್ನ ಸಾಕಾಯಿತು.

ಅಮೆರಿಕದ ರಾಲಿ ನಗರದ ಹೊರವಲಯದ ಆ ಕಾಲೇಜಿನಲ್ಲಿ ಅದಕ್ಕೆ ಬಹುಸಂಸ್ಕೃತಿ ವಿದ್ಯಾರ್ಥಿ ಕೇಂದ್ರ ಎಂಬ ದೊಡ್ಡ ಹೆಸರಿದ್ದರೂ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಕುಸಿದ ಸೋಫಾ, ಒಂದು ಮೈಕ್ರೋವೇವ್, ಗೋಡೆಯ ತುಂಬ ಹುಡುಗರು ಹುಡುಗಿಯರ ಫೋಟೊ. ಇನ್ನೊಂದರಲ್ಲಿ ಖಾತೂನಳ ಮೇಜು. ರಂಜಾನ್ ತಿಂಗಳಲ್ಲಿ ಅಲ್ಲೇ ಇಫ್ತಾರ್, ದೀಪಾವಳಿಗೆ ಅಲ್ಲೇ ರಂಗೋಲಿ. ನವೆಂಬರಿನಲ್ಲಿ ನಡೆಯುತ್ತಿದ್ದ ಸಾಂಸ್ಕೃತಿಕ ಸಂಜೆಗೆ ಕಾಲೇಜಿನ ಅಧ್ಯಕ್ಷರೂ ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಆದರೆ ಹೊರಗಿನವರಿಗೆ ಕಾಣದ ಕೆಲಸವೇ ಹೆಚ್ಚಿತ್ತು. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದ ಮಕ್ಕಳು, ಯಾವ ಅರ್ಜಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯದವರು, ಕೇಳಲು ನಾಚುವವರು, ಎಲ್ಲರೂ ಆ ಸೋಫಾದ ಮೇಲೆ ಬಂದು ಕೂರುತ್ತಿದ್ದರು. ಖಾತೂನ್ ಅವರ ಕೈಹಿಡಿದು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಿದ್ದಳು.

2024ರ ಮೇ ತಿಂಗಳಲ್ಲಿ ಮೇಲಿನಿಂದ ಆದೇಶ ಬಂತು. ಇಂಥ ಕೇಂದ್ರಗಳು ಇನ್ನು ಬೇಡ. ಹೊಸ ಮೇಲಧಿಕಾರಿ ಶೆರಿಲ್ ಎಂಬಾಕೆ ಕಾಗದ ನೋಡಿ ಓದಿ ಹೇಳಿದಳು. ಖಾತೂನಳ ಕೆಲಸ ಹೋಗುವುದಿಲ್ಲ. ಅವಳನ್ನು ಪ್ರವೇಶ ವಿಭಾಗಕ್ಕೆ ಹಾಕಲಾಗಿದೆ. ವಿದ್ಯಾರ್ಥಿಗಳು ಯಾರಾದರೂ ನೇರವಾಗಿ ಬಂದರೆ ವೆಬ್‌ಸೈಟಿನ ಸಹಾಯ ಪುಟಕ್ಕೆ ಕಳಿಸಬೇಕು. ಹಳೆಯ ಕೇಂದ್ರದ ಕೆಲಸವನ್ನು ಅವಳು ಬೇರೆ ಹೆಸರಿನಲ್ಲಿ ಮುಂದುವರಿಸುತ್ತಿದ್ದಾಳೆ ಎಂದು ಯಾರಿಗೂ ಅನ್ನಿಸಬಾರದು. ಓದಿ ಮುಗಿಸಿದ ಮೇಲೆ ಶೆರಿಲ್ ಕಾಗದ ಮಡಚಿ, ತನಗೂ ಬೇಸರವಿದೆ ಎಂದಳು. ಅದು ನಿಜವೇ ಇದ್ದಿರಬೇಕು, ಅವಳ ಕಣ್ಣು ಕೆಂಪಾಗಿತ್ತು.

ಅಂದು ಮನೆಯಲ್ಲಿ ಗಂಡ ತಜಮ್ಮುಲ್ ಎಲ್ಲವನ್ನೂ ಕೇಳಿಸಿಕೊಂಡ. ಬೆಂಗಳೂರಿನ ಕಂಪನಿಯೊಂದರಿಂದ ಇಲ್ಲಿಗೆ ಬಂದವನು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹನ್ನೆರಡು ವರ್ಷವಾಗಿತ್ತು. ಖಾತೂನಳ ಕೆಲಸದ ಪರವಾನಗಿಯೂ ಅವನ ವೀಸಾಕ್ಕೇ ಅಂಟಿಕೊಂಡದ್ದು.

"ಅವರು ಹೇಳಿದ ಹಾಗೆ ಮಾಡು," ಎಂದ. "ಎಲ್ಲೂ ನಮ್ಮ ಹೆಸರು ಕೇಳಿಬರಬಾರದು. ಅಷ್ಟು ನೋಡ್ಕೋ."

ಆ ಬೇಸಿಗೆ ಖಾತೂನ್ ಅಷ್ಟನ್ನೇ ನೋಡಿಕೊಂಡಳು.

ಕೇಂದ್ರಕ್ಕೆ ಬರುತ್ತಿದ್ದವರಲ್ಲಿ ನಮ್ರತಾ ಎಂಬ ಹುಡುಗಿ ಅವಳಿಗೆ ತೀರ ಹತ್ತಿರದವಳು. ಮೈಸೂರಿನಲ್ಲಿ ಹುಟ್ಟಿ ಮೂರು ವರ್ಷಕ್ಕೆ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದವಳು. ಮೊದಲ ವರ್ಷ ಸಾಂಸ್ಕೃತಿಕ ಸಂಜೆಯ ನಿರೂಪಣೆಗೆ ಹೆಸರು ಕೊಟ್ಟು, ಒಂದು ಸಾಲನ್ನಾದರೂ ಕನ್ನಡದಲ್ಲಿ ಹೇಳುತ್ತೇನೆ ಎಂದು ಹಟ ಹಿಡಿದಿದ್ದಳು. ಖಾತೂನ್ ಮೈಸೂರಿನದೇ ಮಂಡಿ ಮೊಹಲ್ಲಾದ ಹುಡುಗಿ, ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಹುಡುಗಿ 'ಎಲ್ಲರಿಗೂ ನಮಸ್ಕಾರ' ಎನ್ನಲು ಹೋಗಿ 'ಎಳ್ಳರಿಗೂ' ಎಂದಾಗ ಖಾತೂನ್, "ಅಯ್ಯೋ, ಅದ್ರಲ್ಲಿ ಳ ಇಲ್ವೇ ಇಲ್ಲ ಕಣೆ, ಲ ಸಾಕು" ಎಂದಿದ್ದಳು; ಇಬ್ಬರೂ ನಕ್ಕು ಸುಸ್ತಾಗಿದ್ದರು. ಅಂದಿನಿಂದ ನಮ್ರತಾಗೆ ಅವಳು ಮೇಡಂ ಅಲ್ಲ, ಖಾತೂನ್ ಆಂಟಿ.

ನಮ್ರತಾಳದು ವಿಚಿತ್ರವಾದ ತೊಡಕು. ಅಪ್ಪ ಅವಿನಾಶನ ವೀಸಾದ ಆಸರೆಯಲ್ಲಿ ಅವಳು ಈ ದೇಶದಲ್ಲಿದ್ದಳು. ಇಪ್ಪತ್ತೊಂದು ತುಂಬಿದ ದಿನ ಆ ಆಸರೆ ತಪ್ಪುತ್ತದೆ. ಇಲ್ಲೇ ಹುಟ್ಟಿದ ತಂಗಿ ನಿಧಿಗೆ ಆ ಚಿಂತೆಯಿಲ್ಲ, ಅಕ್ಕನಿಗೆ ಮಾತ್ರ. ಹುಟ್ಟುಹಬ್ಬಕ್ಕೆ ಮುಂಚೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಳ್ಳಲು ಅರ್ಜಿ ಹಾಕಬೇಕು, ಅದಕ್ಕೆ ಕಾಲೇಜು ಒಂದು ಪತ್ರ ಕೊಡಬೇಕು. ವಿದೇಶಿ ವಿದ್ಯಾರ್ಥಿಗಳ ವಿಭಾಗದವರು ಇವಳು ನಮ್ಮ ಪಟ್ಟಿಯಲ್ಲಿಲ್ಲ ಎನ್ನುತ್ತಿದ್ದರು. ಈ ದೇಶದ ವಿದ್ಯಾರ್ಥಿಗಳ ಪಟ್ಟಿಯಲ್ಲೂ ಅವಳು ಪೂರ್ತಿ ಇರಲಿಲ್ಲ. ಇಂಥವರ ಕೋರಿಕೆ ಕಾಲೇಜಿನ ಪೋರ್ಟಲ್‌ನಲ್ಲಿ ಮೊದಲು ಕೇಂದ್ರಕ್ಕೆ ಬರಬೇಕು, ಖಾತೂನ್ ಒಪ್ಪಿಗೆ ಒತ್ತಬೇಕು, ಆಮೇಲೆ ಪತ್ರ. ಹೀಗೊಂದು ದಾರಿಯನ್ನು ಅವಳೇ ಓಡಾಡಿ ಮಾಡಿಸಿದ್ದಳು. ಹಿಂದಿನ ಮೂರು ವರ್ಷಗಳಲ್ಲಿ ಐದು ಮಕ್ಕಳು ಅದೇ ದಾರಿಯಲ್ಲಿ ದಾಟಿದ್ದರು.

"ಆಗಸ್ಟ್‌ನಲ್ಲಿ ಅಪ್ಲೈ ಮಾಡು. ನಿನ್ ಬರ್ತ್‌ಡೇ ಅಕ್ಟೋಬರ್ ಒಂಬತ್ತಕ್ಕೆ ತಾನೆ, ಬೇಕಾದಷ್ಟು ಟೈಮ್ ಇರುತ್ತೆ," ಎಂದು ಚಳಿಗಾಲದಲ್ಲೇ ಹೇಳಿದ್ದಳು. ನಮ್ರತಾ ಹೇಳಿದಂತೆ ಮಾಡಿದಳು.

ಆಗಸ್ಟ್ ಕೊನೆಯ ವಾರ ಕ್ಯಾಂಪಸ್ಸಿನ ಊಟದ ಸಾಲಿನಲ್ಲಿ ಅವಳು ಎದುರಾದಳು. ಖಾತೂನಳ ಪಕ್ಕದಲ್ಲೇ ಶೆರಿಲ್ ಟ್ರೇ ಹಿಡಿದು ನಿಂತಿದ್ದಳು.

"ಆಂಟಿ! ನಿಮ್ ಆಫೀಸ್ ಲಾಕ್ ಆಗಿದೆ. ನಾನು ಫಾರ್ಮ್ ಸಬ್ಮಿಟ್ ಮಾಡ್ದೆ. It's been like two weeks. 'ಅಂಡರ್ ರಿವ್ಯೂ' ಅಂತಾನೇ ತೋರಿಸ್ತಿದೆ. Is that normal?"

ಖಾತೂನಳಿಗೆ ಶೆರಿಲ್ ತನ್ನ ಕಡೆ ತಿರುಗಿದ್ದು ಕಾಣಿಸಿತು. ಕನ್ನಡ ಅವಳಿಗೆ ತಿಳಿಯುವುದಿಲ್ಲ. ಆದರೆ ಅರ್ಧ ಮಾತು ಇಂಗ್ಲಿಷಿನಲ್ಲೇ ಇತ್ತಲ್ಲ.

"ನೋಡ್ತೀನಿ ಕಣೆ, ಆಮೇಲೆ ಮಾತಾಡೋಣ," ಎಂದು ಖಾತೂನ್ ಮುಂದೆ ಸರಿದಳು.

ನಮ್ರತಾ ನಿರಾಳವಾಗಿ ನಕ್ಕಳು. ಆಂಟಿ ನೋಡ್ತೀನಿ ಎಂದರೆ ಕೆಲಸ ಆದಂತೆಯೇ ಎಂಬುದು ಅವಳ ಲೆಕ್ಕ.

ಮೇಜಿಗೆ ಮರಳಿ ಖಾತೂನ್ ನೋಡಿದ್ದೂ ನಿಜ. ತನ್ನ ಹೊಸ ಮೇಲ್ ಪೆಟ್ಟಿಗೆಯಲ್ಲಿ ಹುಡುಗಿಯ ಹೆಸರು ಹುಡುಕಿದಳು, ಏನೂ ಇರಲಿಲ್ಲ. ಪೋರ್ಟಲ್ ತೆರೆಯಲು ಹೋದರೆ ಅನುಮತಿ ಇಲ್ಲ ಎಂದು ಬಂತು. ಕೇಂದ್ರದ ಹೆಸರಿಗೆ ಹೋಗುವ ಕೋರಿಕೆಗಳನ್ನು ಈಗ ಯಾರು ನೋಡುತ್ತಾರೆ ಎಂದು ಶೆರಿಲ್‌ಗೆ ಒಂದು ಸಾಲು ಬರೆಯತೊಡಗಿದಳು. ಅರ್ಧಕ್ಕೆ ನಿಲ್ಲಿಸಿದಳು. ಹಳೆಯ ಕೆಲಸವನ್ನು ಬಿಟ್ಟಿಲ್ಲ ಎಂದುಕೊಂಡರೆ? ಇಷ್ಟು ದೊಡ್ಡ ಕಾಲೇಜು, ಯಾರಿಗಾದರೂ ವಹಿಸಿಯೇ ಇರುತ್ತಾರೆ, ತಡವಾದರೆ ಹುಡುಗಿಯೇ ಮತ್ತೆ ಕೇಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡು, ಬರೆದದ್ದನ್ನು ಅಳಿಸಿದಳು.

ಹುಡುಗಿ ಮತ್ತೆ ಕೇಳಲಿಲ್ಲ. ಆಂಟಿಗೆ ಹೇಳಿಯಾಗಿದೆ, ಪದೇ ಪದೇ ಪೀಡಿಸಬಾರದು ಎಂದು ಸುಮ್ಮನಿದ್ದಳು. ಅವಿನಾಶ ಎರಡು ಸಲ ಕಾಲೇಜಿಗೆ ಫೋನ್ ಮಾಡಿದ; ಕೋರಿಕೆ ಪರಿಶೀಲನೆಯಲ್ಲಿದೆ, ಕಾಯಿರಿ ಎಂದರು. ಪರಿಶೀಲಿಸುವವರು ಯಾರೂ ಇರಲಿಲ್ಲ. ಕೇಂದ್ರ ಮುಚ್ಚಿದವರು ಬಾಗಿಲಿನ ಹೆಸರು ಕಿತ್ತರು, ವೆಬ್‌ಸೈಟಿನ ಪುಟ ಅಳಿಸಿದರು. ಪೋರ್ಟಲ್‌ನ ಒಳಗಿನ ಆ ಒಂದು ಕೊಂಡಿ ಯಾರಿಗೂ ನೆನಪಾಗಲಿಲ್ಲ.

ಅಕ್ಟೋಬರ್ ಏಳರ ಬೆಳಿಗ್ಗೆ ನಮ್ರತಾ ಫೋನ್ ಮಾಡಿದಾಗ ಅವಳ ದನಿ ಗುರುತೇ ಸಿಗಲಿಲ್ಲ.

"ಆಂಟಿ, ಲಾಯರ್ ಕೇಳ್ತಿದಾರೆ. ನಾಡಿದ್ದು ನನ್ ಬರ್ತ್‌ಡೇ. ಲೆಟರ್ ಬಂದಿಲ್ಲ. ನೀವು ನೋಡಿದ್ರಿ ಅಲ್ವಾ?"

ಖಾತೂನ್ ಅಂದು ಎಲ್ಲ ಬಾಗಿಲನ್ನೂ ತಟ್ಟಿದಳು. ಶೆರಿಲ್ ಬಳಿಗೆ ಓಡಿದಳು. ಶೆರಿಲ್ ಒಂದು ಮಾತೂ ಬೈಯದೆ ತಾನೇ ಫೋನ್ ಹಿಡಿದು ಕೂತಳು. ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಸಹಿ ಹಾಕುವ ಅಧಿಕಾರವಿದ್ದವನು ರಜೆಯಲ್ಲಿದ್ದ. ಅವನ ಬದಲಿಗಿದ್ದವಳು ದಾಖಲೆಗಳನ್ನು ಮೊದಲಿನಿಂದ ಕೇಳಿದಳು. ಪತ್ರ ಸಿದ್ಧವಾದದ್ದು ಹನ್ನೊಂದನೆಯ ತಾರೀಖು.

ಎರಡು ದಿನ ತಡ. ನಮ್ರತಾ ದೇಶ ಬಿಟ್ಟು ಹೋಗಿ ಹೊರಗಿನಿಂದ ವೀಸಾ ತರಬೇಕು, ಬೇರೆ ದಾರಿಯಿಲ್ಲ ಎಂದರು ವಕೀಲರು. ಅಕ್ಟೋಬರ್ ಕೊನೆಗೆ ಅವಳು ಸೆಮಿಸ್ಟರನ್ನು ನಡುವೆಯೇ ಬಿಟ್ಟು ಬೆಂಗಳೂರಿಗೆ ಹೊರಟಳು. ಖಾತೂನ್ ವಿಮಾನ ನಿಲ್ದಾಣಕ್ಕೆ ಬರುತ್ತೇನೆ ಎಂದಾಗ ನಮ್ರತಾಳ ತಾಯಿ, ಇಂದು ಎಂಬಾಕೆ, "ಬೇಡಿ, ನಾವು ನಾವೇ ಹೋಗ್ತೀವಿ," ಎಂದಳು.

ಡಿಸೆಂಬರಿನಲ್ಲಿ ಚೆನ್ನೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನವಾಯಿತು. ಮೂರು ನಿಮಿಷ. ಅಪ್ಪ, ಅಮ್ಮ, ತಂಗಿ ಎಲ್ಲ ಅಮೆರಿಕದಲ್ಲೇ ಇರುವಾಗ ನೀನು ಓದು ಮುಗಿಸಿ ಭಾರತಕ್ಕೆ ಮರಳುತ್ತೀಯ ಎಂದು ನಂಬುವುದು ಹೇಗೆ ಎಂದು ಕೇಳಿದರಂತೆ. ನಮ್ರತಾಗೆ ಸುಳ್ಳು ಹೇಳಲು ಬರಲಿಲ್ಲ. ವೀಸಾ ಸಿಗಲಿಲ್ಲ. ಫೆಬ್ರವರಿಯಲ್ಲಿ ಇನ್ನೊಮ್ಮೆ ಹೋದಳು, ಆಗಲೂ ಸಿಗಲಿಲ್ಲ.

ಮಾರ್ಚಿನ ಒಂದು ಭಾನುವಾರ ಪಕ್ಕದ ಊರು ಮಾರಿಸ್‌ವಿಲ್‌ನ ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಖಾತೂನಳಿಗೆ ಇಂದು ಸಿಕ್ಕಳು. ಇಂದು ಕಾರಿನ ಡಿಕ್ಕಿಗೆ ಅಕ್ಕಿ ಚೀಲ ಎತ್ತಿಡುತ್ತಿದ್ದಳು. ನೋಡದಂತೆ ಹೋಗಿಬಿಡಬಹುದಿತ್ತು. ಖಾತೂನ್ ಹೋಗಲಿಲ್ಲ. ಹತ್ತಿರ ಹೋಗಿ ನಿಂತಳು.

"ನಮ್ರತಾ ಹೇಗಿದಾಳೆ?"

"ಬೆಂಗಳೂರಲ್ಲಿ, ವಿಜಯನಗರದ ಒಂದು ಪಿ.ಜಿ.ಲಿದಾಳೆ. ಕಾಲೇಜಲ್ಲಿ ಮತ್ತೆ ಫಸ್ಟ್ ಇಯರ್‌ಗೇ ಸೇರ್ಕೋ ಅಂದ್ರಂತೆ. ಇಲ್ಲಿ ಓದಿದ್ದು ಅಲ್ಲಿ ಲೆಕ್ಕಕ್ಕಿಲ್ಲ. ಅವಳ ಕನ್ನಡ ಕೇಳಿ ರೂಮಿನ ಹುಡುಗೀರು ನಗ್ತಾರಂತೆ. ಈಗ ಮಾತೇ ಆಡಲ್ಲ ಅಂತಾಳೆ."

ಖಾತೂನಳ ಎದೆಯಲ್ಲಿ ಐದು ತಿಂಗಳಿಂದ ಕೂತಿದ್ದು ಆಗ ಹೊರಬಂತು. ಊಟದ ಸಾಲು, ಪಕ್ಕದಲ್ಲಿದ್ದ ಶೆರಿಲ್, ಅರ್ಧ ಬರೆದು ಅಳಿಸಿದ ಸಾಲು, ಒಂದನ್ನೂ ಮುಚ್ಚಿಡದೆ ಹೇಳಿದಳು. ಇಂದು ಅಕ್ಕಿ ಚೀಲವನ್ನು ಡಿಕ್ಕಿಯ ಅಂಚಿಗೆ ಆನಿಸಿ ಕೇಳಿಸಿಕೊಂಡಳು.

"ನಾವು ಬೇರೆ ಯಾರನ್ನೂ ಕೇಳ್ಲಿಲ್ಲ ರೀ," ಎಂದಳು ಕೊನೆಗೆ. "ಇವರು ಹೋಗಿ ಗಲಾಟೆ ಮಾಡ್ತೀನಿ ಅಂದ್ರು. ನಾನೇ ತಡೆದೆ. ಖಾತೂನ್ ಇದಾರಲ್ಲ, ನೋಡ್ಕೋತಾರೆ ಅಂದೆ."

ಚೀಲವನ್ನು ಒಳಗೆ ತಳ್ಳಿ ಖಾತೂನಳ ಕಡೆ ತಿರುಗಿದಳು.

"ಆ ಒಂದ್ ಲೈನ್ ಕಳಿಸಿದ್ರೆ ನಿಮ್ ಕೆಲ್ಸ ಹೋಗ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಹೋಗುತ್ತಿತ್ತು ಎಂದಿದ್ದರೆ ಇಬ್ಬರಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ.

"ಇಲ್ಲ," ಎಂದಳು ಖಾತೂನ್. "ಹೋಗ್ತಿರ್ಲಿಲ್ಲ. ಶೆರಿಲ್ ಅವತ್ತೇ ಸರಿ ಮಾಡಿಸಿರೋರು. ನಾನೇ ಹೆದರ್ಕೊಂಡೆ."

ಇಂದು ತಲೆಯಾಡಿಸಿದಳು. ಬೈದಿದ್ದರೆ, ಅತ್ತಿದ್ದರೆ, ಖಾತೂನ್ ತಡೆದುಕೊಳ್ಳುತ್ತಿದ್ದಳು. ಅವಳು ಡಿಕ್ಕಿ ಮುಚ್ಚಿ, ಅಂಗಡಿಯ ತಳ್ಳುಗಾಡಿಯನ್ನು ಅದರ ಜಾಗದಲ್ಲಿ ಬಿಟ್ಟು ಬಂದು, "ಅವಳಿಗೆ ಇದನ್ನ ಹೇಳ್ಬೇಡಿ. ನಿಮ್ಮನ್ನ ಒಬ್ಬರನ್ನಾದ್ರೂ ನೆಚ್ಕೊಂಡಿರ್ಲಿ," ಎಂದು ಕಾರು ಹತ್ತಿದಳು.

ಹೇಳದೆ ಇರುವುದೇ ಖಾತೂನಳಿಗೆ ಸಿಕ್ಕ ಶಿಕ್ಷೆಯಾಯಿತು. ಕಾಲೇಜಿನ ಉಪಾಧ್ಯಕ್ಷರಿಗೆ ನಡೆದದ್ದನ್ನೆಲ್ಲ ಬರೆದು ತನ್ನ ಹೆಸರಿನಲ್ಲೇ ಕಳಿಸಿದಳು. ತಿಳಿಸಿದ್ದಕ್ಕೆ ಧನ್ಯವಾದ, ಪೋರ್ಟಲ್ ಸರಿಪಡಿಸಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅವಳ ಕೆಲಸಕ್ಕೂ ಏನೂ ಆಗಲಿಲ್ಲ, ತಜಮ್ಮುಲ್‌ನ ಗ್ರೀನ್ ಕಾರ್ಡಿನ ಸಾಲಿಗೂ ಏನೂ ಆಗಲಿಲ್ಲ.

ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ನಮ್ರತಾ ತಾನಾಗಿಯೇ ಫೋನ್ ಮಾಡಿದಳು. ಆ ಕಡೆಯಿಂದ ಬಸ್ಸಿನ ಸದ್ದು, ಕಂಡಕ್ಟರನ ಕೂಗು.

"ಆಂಟಿ, ನೀವು ತುಂಬಾ ಟ್ರೈ ಮಾಡಿದ್ರಿ ಅಂತ ನಂಗೊತ್ತು. ಥ್ಯಾಂಕ್ಸ್ ಹೇಳ್ಳೇ ಇಲ್ಲ ನಾನು."

ಖಾತೂನ್ ಬಾಯಿ ತೆರೆದಳು. ಹೇಳ್ಬೇಡಿ ಎಂದಿದ್ದ ಇಂದು ನೆನಪಾದಳು.

"ಊಟ ಮಾಡ್ತಿದೀಯಾ ಸರಿಯಾಗಿ?" ಎಂದಷ್ಟೇ ಕೇಳಿದಳು.

"ಹೂಂ, ಮಾಡ್ತೀನಿ," ಎಂದಳು ಹುಡುಗಿ. ತನ್ನ ನಿಲ್ದಾಣ ಬಂತೆಂದು ಫೋನ್ ಇಟ್ಟಳು.