ಕಣ್ಣು ಮುಚ್ಚಲಾರದ ಜೈಪಾಲ

ಪ್ರತ್ಯೇಕ ತೆಲಂಗಾಣಕ್ಕಾಗಿ ಮುಷ್ಕರ ನಡೆದು ಶಾಲೆ, ಕಾಲೇಜು, ಬಸ್ಸು ಎಲ್ಲ ನಿಂತಿದ್ದ ದಿನಗಳವು. ಶಾಲೆಯ ಟೀಚರ್ ಧಮ್ಮಶೀಲಾ ಬೆಳಗಿನ ಹೊತ್ತು ಜಹೀರಾಬಾದಿನ ಬುದ್ಧವಿಹಾರದಲ್ಲಿ ಹುಡುಗ ಹುಡುಗಿಯರಿಗೆ ಧ್ಯಾನ ಹೇಳಿಕೊಡುತ್ತಿದ್ದಳು. ಕಣ್ಣು ಮುಚ್ಚಿ, ಒಳಗೆ ಬರುವ ಉಸಿರು, ಹೊರಗೆ ಹೋಗುವ ಉಸಿರು, ಅಷ್ಟನ್ನೇ ಗಮನಿಸಬೇಕು.

ಡಿಗ್ರಿ ಓದುತ್ತಿದ್ದ ಜೈಪಾಲನಿಂದ ಅದಾಗುತ್ತಿರಲಿಲ್ಲ. ಮೊಣಕಾಲು ಕುಣಿಸುವನು, ಫೋನು ಮುಟ್ಟಿ ನೋಡುವನು. ಆ ದಿನ ಹೆದ್ದಾರಿಯಿಂದ ಘೋಷಣೆ ಕೇಳಿಸಿದ್ದೇ ಎದ್ದು ನಿಂತ.

"ಟೀಚರ್, ಸಾಯಿಕುಮಾರಗೂ ಇದೇ ಕಲಿಸಿದ್ರಿ. ಏನಾತು?"

ಎಲ್ಲರ ಕಣ್ಣೂ ತೆರೆದವು. ಇಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನಾರಾಯಣಖೇಡದ ಸಾಯಿಕುಮಾರ ಜೈಪಾಲನ ಗೆಳೆಯ. ಇದೇ ಚಾಪೆಯ ಮೇಲೆ ಕೂತವನು. ಪ್ರತ್ಯೇಕ ರಾಜ್ಯ ಬರಲೆಂದು ಹೋದ ತಿಂಗಳು ತಾನೇ ತನ್ನ ಜೀವ ತೆಗೆದುಕೊಂಡಿದ್ದ.

ಜೈಪಾಲ ಹೊರಗೆ ಹೋಗಿ ಬೈಕ್ ಹತ್ತುವಾಗ ಧಮ್ಮಶೀಲಾ ಓಡಿಬಂದು ಹ್ಯಾಂಡಲ್ ಹಿಡಿದಳು.

"ಎಲ್ಲಿಗಿ?"

"ಗೊತ್ತಿಲ್ರಿ. ಕೂತ್ರ ಅವನ ಮಾರಿ ಕಾಣ್ತದ."

"ನನಗೂ ಕಾಣ್ತದಪಾ. ಅವ ಹೋದಾಗಿಂದ ನಾನೂ ಬರೇ ಕಣ್ಣ ಮುಚ್ಚಾಕತ್ತೀನಿ. ಅವರವ್ವನ್ನ ನೋಡಿ ಬಂದಿ ಏನು?"

ಅವನು ತಲೆ ತಗ್ಗಿಸಿದ. "ಅಂಜಿಕಿ ಆಗ್ತದ್ರಿ."

"ನನಗೂ ಆಗ್ತದ. ನಡಿ, ಇಬ್ರೂ ಹೋಗಮ್."

ರಸ್ತೆತಡೆ ತಪ್ಪಿಸಿ ಹೊಲದ ದಾರಿ ಬಳಸಿ ನಾರಾಯಣಖೇಡಕ್ಕೆ ಹೊರಟರು. ಜೈಪಾಲ ಮತ್ತೆ ಮತ್ತೆ ಬೈಕ್ ನಿಲ್ಲಿಸಿ, ತಿರುಗಿ ಹೋಗೋಣ ಎನ್ನುವನು. ಆಕೆ ಇಳಿದು ಅವನ ಜೊತೆ ಸ್ವಲ್ಪ ನಡೆಯುವಳು. ಮತ್ತೆ ಹತ್ತುವರು.

ಸಾಯಿಕುಮಾರನ ತಾಯಿ ಬಾಲಮಣಿ ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಬಂದವನು ಯಾರೆಂದು ತಿಳಿದಾಗ ಮೊರ ಕೆಳಗಿಟ್ಟಳು.

"ಇಲ್ಲಿಗಿ ಬರ್ತೀನಂತ ನಿಮ್ಮವ್ವಗ ಹೇಳಿ ಬಂದಿ ಏನಪ್ಪಾ?"

"ಇಲ್ಲಬೇ."

"ಮೊದಲ ಫೋನ್ ಮಾಡು. ಅಕಿ ಬಾಗಲಾಗ ನಿಂತಿರ್ತಾಳ."

ಜೈಪಾಲ ಫೋನ್ ಹಚ್ಚಿದ. "ಅವ್ವಾ, ನಾರಾಯಣಖೇಡದಾಗ ಇದ್ದೀನಿ" ಎಂದಷ್ಟೇ ಹೇಳಿ ಬಿಕ್ಕಿ ಬಿಕ್ಕಿ ಅತ್ತ. ಬಾಲಮಣಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಉಸಿರು ನೋಡು ಎಂದು ಧಮ್ಮಶೀಲಾ ಹೇಳಲಿಲ್ಲ.

ಸಂಜೆತನಕ ಮೂವರೂ ಹೆಸರುಕಾಳಿನಲ್ಲಿ ಕಲ್ಲು ಆರಿಸಿದರು. ಸಾಯಿಕುಮಾರ ರೂಮಿನಲ್ಲಿ ಫೋನಿನಲ್ಲಿ ಮಾತಾಡುತ್ತ ಅನ್ನ ಸೀಯಿಸಿದ್ದನ್ನೂ, ಅದನ್ನು ತಿನ್ನಲು ಬೀದಿನಾಯಿಯೂ ಒಪ್ಪದಿದ್ದುದನ್ನೂ ಜೈಪಾಲ ಹೇಳಿದ. ಬಾಲಮಣಿ ನಕ್ಕುಬಿಟ್ಟಳು. ತನ್ನ ನಗುವಿಗೆ ತಾನೇ ಬೆಚ್ಚಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಆಮೇಲೆ ವಿಹಾರದಲ್ಲಿ ಮೊದಲು ಮಾತು, ಬಳಿಕ ಧ್ಯಾನ ಎಂದಾಯಿತು. ಹುಡುಗರು ಸಾಯಿಕುಮಾರನ ಹೆಸರು ಹೇಳಲು ಹಿಂಜರಿಯಲಿಲ್ಲ. ಜೈಪಾಲ ಕೆಲವು ದಿನ ಕೂರುತ್ತಿದ್ದ, ಕೆಲವು ದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಿದ್ದ. ಯಾರೂ ಅವನನ್ನು ತಡೆಯುತ್ತಿರಲಿಲ್ಲ. ಭಾನುವಾರ ಮಾತ್ರ, ಮನೆಯಲ್ಲಿ ಹೇಳಿ, ನಾರಾಯಣಖೇಡದ ಬಾಲಮಣಿಯ ಮನೆಗೆ ಹೋಗಿಬರುತ್ತಿದ್ದ.