ಗುಬ್ಬಿಯ ಬಾಯಿಯ ಹುಣ್ಣು

ಗುಬ್ಬಿ ಬೆಳಗಿನಿಂದ ಒಂದು ತುತ್ತೂ ತಿಂದಿರಲಿಲ್ಲ. ತುಟಿಗೆ ಚಮಚ ತಾಗಿದರೆ ಸಾಕು, ತಲೆ ಕೊಡವಿ ನರಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲ, ಮಾತಿಲ್ಲ. ಬಾಯಿ ಸದಾ ಅರೆತೆರೆದೇ ಇರುತ್ತದೆ. ಎಲ್ಲಿ ನೋವು ಎಂದು ಅವಳು ಹೇಳುವುದಾದರೂ ಹೇಗೆ?

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅರ್ಧ ಹೊಲಿದ ರವಿಕೆಯನ್ನು ಯಂತ್ರದಲ್ಲೇ ಬಿಟ್ಟು ಮಗಳ ಬಳಿ ಬಂದಳು. ಮೇಲ್ದುಟಿ ಊದಿತ್ತು. ದಿಂಬಿನ ಮೇಲೆ ಜೊಲ್ಲಿನ ಜೊತೆ ರಕ್ತದ ಕಲೆ. ಬಾಯಿಂದ ಕೆಟ್ಟ ವಾಸನೆ ಬರುತ್ತಿತ್ತು.

"ಹಲ್ಲು ಬೀಳೋ ವಯಸ್ಸು ಕಣೇ," ಎಂದರು ಅಮ್ಮನ ಅತ್ತೆ, ಗುಬ್ಬಿಯ ಅಜ್ಜಿ.

ಅಮ್ಮ ಮಗಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತುಟಿ ಎತ್ತಿದಳು. ವಸಡಿನಲ್ಲಿ ಒಂದು ತೂತು. ಅದರೊಳಗೆ ಬೆಳ್ಳಗೆ ಏನೋ ಇತ್ತು. ಊಟದ ಚೂರಿರಬೇಕು ಅಂದುಕೊಂಡಳು. ಅದು ಮಿಸುಕಾಡಿ ಒಳಕ್ಕೆ ಸರಿಯಿತು.

ಅಮ್ಮ ತುಟಿ ಬಿಟ್ಟು ಹಿಂದೆ ಸರಿದಳು. "ಅತ್ತೆ, ಹುಳು."

ಅತ್ತೆಯ ಮುಖ ಬಿಳಚಿಕೊಂಡಿತು. "ಯಾರ ಹತ್ರನೂ ಬಾಯಿ ಬಿಡಬೇಡ. ಮಗೂನ ನೋಡ್ಕೊಳ್ಳೋಕೆ ಬರಲ್ಲ ಅಂತ ಆಡ್ಕೋತಾರೆ. ಸೀಮೆಎಣ್ಣೆ ಬಿಟ್ಟರೆ ಸಾಯ್ತವೆ." ಬಾಟಲಿ ತಂದೂಬಿಟ್ಟರು.

ಹುಳು ಕಣ್ಣಿಗೆ ಹತ್ತಿದರೆ? ತಲೆಗೆ ಹತ್ತಿದರೆ? ಅಮ್ಮ ಬಾಟಲಿಗೆ ಕೈ ಚಾಚಿದಳು.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸ್ ತನ್ನ ರವಿಕೆ ಒಯ್ಯಲು ಬಂದಳು. ಅಮ್ಮ ಗಡಿಬಿಡಿಯಿಂದ ಮಗಳ ಬಾಯಿಗೆ ಟವೆಲು ಮುಚ್ಚಿದಳು. ಆದರೆ ವಾಸನೆಯನ್ನು ಮುಚ್ಚಲಾದೀತೇ? ನರ್ಸ್ ಟವೆಲು ಸರಿಸಿ ನೋಡಿದಳು.

"ಅಜ್ಜಿ, ಬಾಟಲಿ ಕೆಳಗಿಡಿ. ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಮಗು ಜೀವಕ್ಕೇ ಅಪಾಯ."

"ದಿನಾ ಸ್ನಾನ ಮಾಡಿಸ್ತೀನಲ್ಲ," ಎಂದಳು ಅಮ್ಮ.

"ಮಾಡಿಸ್ತೀಯ ಅಕ್ಕ, ನಂಗೊತ್ತು. ಆದ್ರೆ ಬಾಯಿ ತೆರೆದೇ ಇರುತ್ತೆ, ನೊಣ ಕೂತರೆ ಓಡಿಸೋಕೆ ಅವಳಿಗೆ ಕೈ ಏಳಲ್ಲ. ವಸಡು ಹುಣ್ಣಾಗಿದ್ರೆ ನೊಣ ಅಲ್ಲೇ ಮೊಟ್ಟೆ ಇಡುತ್ತೆ. ಹುಳು ಒಳಗೊಳಗೇ ಮಾಂಸ ತಿನ್ನುತ್ತೆ. ಏಳು, ಈಗಲೇ ಹೋಗೋಣ."

"ಆಸ್ಪತ್ರೇಲಿ ನಕ್ಕರೆ?"

"ನಗೋಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ."

ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಔಷಧಿ ಹಾಕಿ, ಚಿಮಟದಿಂದ ಒಂದೊಂದೇ ಹುಳು ತೆಗೆದರು. ಅಮ್ಮ ಮಗಳ ಕೈ ಹಿಡಿದು ಗೋಡೆ ನೋಡುತ್ತಾ ನಿಂತಿದ್ದಳು.

"ಆಯ್ತಾ ಡಾಕ್ಟ್ರೇ?"

"ಇನ್ನೂ ಇವೆಯಮ್ಮ."

ಅಮ್ಮ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಕೊನೆಗೆ ಡಾಕ್ಟರು ಹೇಳಿದರು, "ಇನ್ನೂ ತಡ ಮಾಡಿದ್ರೆ ಅಂಗುಳವೂ ತೂತಾಗ್ತಿತ್ತು. ಬಚ್ಚಿಡದೆ ಕರ್ಕೊಂಡು ಬಂದ್ರಿ, ಒಳ್ಳೇದಾಯ್ತು. ಗಾಯ ತೊಳೆಯೋಕೆ ನಾಳೆಯೂ ಬನ್ನಿ."

ಗಾಯ ಮಾಯಲು ಸಮಯ ಹಿಡಿಯಿತು. ಈಗ ಊಟವಾದ ಮೇಲೆ ಗುಬ್ಬಿಯ ಬಾಯಿ ಒರೆಸುವುದು ಅತ್ತೆಯ ಕೆಲಸ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, "ಕಚ್ಚಬೇಡ್ವೇ, ನಂಗೆ ಇರೋದೇ ನಾಲ್ಕು ಗಟ್ಟಿ ಬೆರಳು," ಎಂದು ಗದರುತ್ತಾರೆ. ಗುಬ್ಬಿ ನಗುತ್ತಾಳೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ನೋವು ಹೇಳಲಾಗದ ಮಗುವಿದೆಯೇ? ದಿನಕ್ಕೆರಡು ಸಲ ಹಲ್ಲುಜ್ಜಿಸಿ, ಊಟವಾದ ಮೇಲೆ ಬಾಯಿ ಒರೆಸಿ. ನೊಣ ಕೂರದಂತೆ, ಹಗಲಲ್ಲಿ ಮಲಗಿದರೂ ಸೊಳ್ಳೆಪರದೆ ಕಟ್ಟಿ. ದಿನಾ ಬೆಳಕಿನಲ್ಲಿ ತುಟಿ ಎತ್ತಿ ನೋಡಿ. ಊತ, ರಕ್ತ, ದುರ್ವಾಸನೆ ಕಂಡರೆ ಮನೆಮದ್ದು ಬೇಡ, ನಾಚಿಕೆಯೂ ಬೇಡ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗು ಕೂಗಿ ಕರೆಯಲಾರದು, ನೀವೇ ನೋಡಬೇಕು.